ಆರನೆಯ ಇನಿಂಗ್ಸ್‌ನ ಫೋನು

ಬುಲ್‌ಪೆನ್ ಅಂದರೆ ಗೂಳಿದೊಡ್ಡಿ, ಮತ್ತೇನಲ್ಲ —
ಎಡಬೇಲಿಯಾಚೆ ತಗಡಿನ ಸೂರು, ಉದ್ದನೆಯೊಂದು ಬೆಂಚು,
ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಫೋನು.
ಡಯಲ್ ಇಲ್ಲ ಅದಕ್ಕೆ. ಬರುವ ಕರೆ ಮಾತ್ರ.

ಎರಡು ಬೇಸಗೆ ನೀನು ಅದರ ಕೆಳಗೇ ಕೂತೆ, ಹಾಲಿಸ್.
ಬಾಯಲ್ಲಿ ಸೂರ್ಯಕಾಂತಿ ಬೀಜ, ಮೂಗಿನ ಮೇಲೆ ಟೊಪ್ಪಿ,
ಬೇಲಿಯ ಹಿಂದೆ ಹಾಯುವ ಗೂಡ್ಸ್ ಬಂಡಿಯ ಡಬ್ಬಿ ಎಣಿಸುತ್ತ —
ನೂರಾ ಹನ್ನೊಂದು, ನೂರಾ ಹನ್ನೆರಡು —
ಎಂಟನೆಯ ಇನಿಂಗ್ಸ್‌ಗೆ ಫೋನು ಕಿರುಚಿದರೆ
ಲೆಕ್ಕ ಅಲ್ಲೇ ಬಿಟ್ಟು ಏಳುತ್ತಿದ್ದೆ.

ಹದಿನೈದು ಎಸೆತ. ಅಷ್ಟೇ ನಿನ್ನ ದಿನ.
ಯಾರೋ ಮಾಡಿಟ್ಟ ಸಾಲಕ್ಕೆ ನೀನು ಜಾಮೀನು;
ಮೂವರನ್ನು ಬೆಂಚಿಗೆ ಕಳಿಸಿ
ಬೆವರೊಡೆಯುವ ಮೊದಲೇ ವಾಪಸ್ಸು.
ಆ ಬಿಸಿ ನನ್ನ ಅಂಗೈಗೆ ಗೊತ್ತು.
ರಾತ್ರಿ ಚಮಚ ಹಿಡಿಯಲಾಗದೆ ಕೂತರೆ
ವರ್ನಾ ಕೇಳುತ್ತಿದ್ದಳು: ಇವತ್ತೂ ಆ ಹುಡುಗನೇ?

ಈಗ ಮ್ಯಾನೇಜರ್ ಕ್ರಾಬ್‌ಟ್ರೀ ಕರೆದು ಹೇಳಿದ್ದಾನೆ:
ನಾಲ್ಕು ದಿನ ಬಿಟ್ಟು ಐದನೆಯದು ನಿನ್ನದು,
ಮೊದಲ ಚೆಂಡೇ ನಿನ್ನದು.
ಎಲ್ಲರೂ ಬೆನ್ನು ತಟ್ಟಿದರು. ನೀನು ಮಾತ್ರ
ನನ್ನ ಹತ್ತಿರ ಬಂದು ಮೆಲ್ಲಗೆ:
"ಆ ನಾಲ್ಕು ದಿನ ಏನು ಮಾಡಲಿ, ಮರ್ಲ್?"

ಅದೇ ನೋಡು ಕಷ್ಟ.
ಕರೆದಾಗ ಏಳುವವನಿಗೆ ಹೆದರಲು ಹೊತ್ತಿಲ್ಲ.
ದಿನ ಗೊತ್ತಿರುವವನ ಮನೆಗೆ ಹೆದರಿಕೆ
ಸೋಮವಾರವೇ ಬಂದು ಕುರ್ಚಿ ಎಳೆದುಕೊಳ್ಳುತ್ತದೆ;
ಶುಕ್ರವಾರದ ತನಕ ಅದಕ್ಕೂ ಕಾಫಿ ಕೊಡಬೇಕು.

ಫೆಬ್ರವರಿಯಿಂದ ನಾನು ಕಲಿಸಿದ್ದು ಒಂದೇ: ಉರಿ ಸಣ್ಣಗಿಡು.
ಅದೇ ತೋಳು, ಅದೇ ಸಿಟ್ಟು, ಚೆಂಡು ಮಾತ್ರ ಬರಬೇಕು
ಹೊರಟೆ ಹೊರಟೆ ಅನ್ನುತ್ತಲೇ
ಹೊಸಿಲಲ್ಲಿ ನಿಂತುಬಿಟ್ಟ ನೆಂಟನ ಹಾಗೆ.
ನೂರು ಸಲ ಅದು ಮಣ್ಣು ಕಚ್ಚಿತು.
ನೂರು ಸಲ ನೀನು ನಿನಗೇ ಬೈದುಕೊಂಡೆ.
ಲೆಕ್ಕ ನನ್ನ ಮೊಣಕಾಲಲ್ಲಿದೆ.

"ಮೊದಲ ಸಲ ನೋಡಿದವನು ಹೆದರುತ್ತಾನೆ.
ಎರಡನೆಯ ಸಲ ಗುರುತು ಹಿಡಿಯುತ್ತಾನೆ.
ಮೂರನೆಯ ಸಲ ಬಂದಾಗ ನೀನು ಬೇರೆಯವನಾಗಿರು."
ನೀನು ನಕ್ಕೆ. ಇಪ್ಪತ್ತೆರಡರ ವಯಸ್ಸಿಗೆ
ಒಬ್ಬನಾಗಿರುವುದೇ ಸಾಕುಸಾಕಾಗಿತ್ತು.

ಶುಕ್ರವಾರ. ಈರೀ ಸರೋವರದ ಗಾಳಿ, ಏಪ್ರಿಲ್ಲಿನ ಚಳಿ,
ಸಾವಿರದಿನ್ನೂರು ಜನ, ಅರ್ಧಕ್ಕರ್ಧ ಕಂಬಳಿಯೊಳಗೆ.
ದಿಬ್ಬದ ಮೇಲೆ ನೀನು. ಬೇರೊಬ್ಬನ ಗ್ಲೋವಿಗೆ ಎಸೆಯುತ್ತಿದ್ದೀ.
ನನ್ನ ಅಂಗೈ ತಣ್ಣಗಿದೆ.

ಶುರುವಿಗೇ ಎರಡು ರನ್ ಬಿಟ್ಟುಕೊಟ್ಟೆ,
ಹಳೆಯ ಚಾಳಿ, ಇದ್ದದ್ದೆಲ್ಲ ಒಂದೇ ಉಸಿರಿಗೆ.
ಮೂರನೆಯದರಲ್ಲಿ ಲಯ ಸಿಕ್ಕಿತು.
ನಾಲ್ಕರಲ್ಲಿ ಆ ನಿಧಾನದ ಚೆಂಡಿಗೆ
ಬಾಗಿಲಗಲ ಹೆಗಲಿನ ಅವರ ದಾಂಡಿಗ
ಬರಿಗಾಳಿಗೆ ಬೀಸಿ ಮಂಡಿಯೂರಿದ.
ಹೊಸಿಲಲ್ಲಿ ನಿಂತ ನೆಂಟ!
ಎದ್ದು ಕೂಗಿದವನು ನಾನೊಬ್ಬನೇ. ದೊಡ್ಡಿಯ ಹುಡುಗರು ನಕ್ಕರು.

ಗೂಡ್ಸ್ ಬಂಡಿ ಹೋಯಿತು.

ಆರನೆಯದು. ಎರಡು ಔಟ್, ಬೇಸುಗಳಲ್ಲಿ ಇಬ್ಬರು,
ತೊಂಬತ್ತೊಂದು ಎಸೆತ,
ನಿನ್ನ ಮೊಣಕೈ ಅರ್ಧ ಬೆರಳು ಇಳಿದಿದೆ —
ಇಲ್ಲಿಂದ ನನಗೆ ಕಂಡದ್ದು ಅಲ್ಲಿ ಅವರಿಗೂ ಕಂಡಿರಬೇಕು —
ಫೋನು ಹೊಡೆದುಕೊಂಡಿತು.

ನಿನ್ನನ್ನು ಕರೆಯಲಿಕ್ಕಲ್ಲ.
"ಟೋಬಿನ್‌ನನ್ನು ಎಬ್ಬಿಸು."
ಎರಡು ವರ್ಷ ನಿನ್ನನ್ನು ಎಬ್ಬಿಸಿದ ಕೈಗೆ
ಗ್ಲೋವ್ ಏರಿಸಿ ಕುಕ್ಕರಗಾಲಲ್ಲಿ ಕೂತೆ,
ನಿನ್ನ ಜಾಗಕ್ಕೆ ಹೋಗುವವನ ತೋಳು ಬಿಸಿ ಮಾಡಲಿಕ್ಕೆ.
ಅವನ ಏಳನೆಯ ಚೆಂಡು ಅಂಗೈಗೆ ಬಡಿಯುವಾಗ
ಬೆನ್ನ ಹಿಂದೆ ಚಪ್ಪಾಳೆ, ಕಂಬಳಿಯ ಕೈಗಳ ಮೆತ್ತನೆಯ ಚಪ್ಪಾಳೆ.
ತಿರುಗಿ ನೋಡುವ ಹಾಗಿರಲಿಲ್ಲ.

ಆಟ ಮುಗಿದು ದೀಪ ಆರುವ ಹೊತ್ತಿಗೆ
ಮೊಣಕೈಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಬಂದೆ,
ಫೋನಿನ ಕೆಳಗೆ ಹಳೆಯ ಜಾಗದಲ್ಲೇ ಕೂತೆ.
ಗೆದ್ದದ್ದು, ಸೋತದ್ದು ಯಾವುದೂ ಮಾತಿಗೆ ಬರಲಿಲ್ಲ.
"ಇವತ್ತು ಎಷ್ಟು ಡಬ್ಬಿ ಇದ್ದವು?"

ನೂರಾ ನಲವತ್ತು, ಅಂದೆ ನಾನು.
ಎಲ್ಲಿ ಎಣಿಸಿದ್ದೆ.